ಬೆಂಕಿಗೆ ಮೈಲಿಗೆ ಉಂಟೇ?

ಡಿಸೆಂಬರ್ ಚಳಿಗೆ ಬೆಂಗಳೂರಿನ ಹೊರಮಾವಿನ ಫ್ಲ್ಯಾಟ್‌ಗಳಲ್ಲಿ ಅಟ್ಟದಿಂದ ರೂಮ್ ಹೀಟರ್ ಕೆಳಗಿಳಿಯುತ್ತದೆ. ಒರೆಸದೆ ಸ್ವಿಚ್ ಹಾಕಿದರೆ ಕಾಯಿಲ್ ಮೇಲಿನ ದೂಳು, ಬೆಕ್ಕಿನ ಕೂದಲು ಸುಟ್ಟ ವಾಸನೆ. ಕೂದಲಿನ ಕೆರಾಟಿನ್‌ನಲ್ಲಿ ಗಂಧಕವಿದೆ; ಕಮಟು ಅದರದೇ.

ಒಲೆಗೆ ಕೂದಲು ಬಿದ್ದರೆ ಅಜ್ಜಿಯರು ಗದರುತ್ತಿದ್ದುದು ಬರೀ ವಾಸನೆಗಲ್ಲ, ಬೆಂಕಿಗೆ ಮೈಲಿಗೆ ಎಂದು. ಆದರೆ ಅಗ್ನಿಗೆ ಪಾವಕನೆಂಬ ಹೆಸರಿದೆ, ಶುದ್ಧಗೊಳಿಸುವವನು ಎಂದರ್ಥ. ಹಾಗಿದ್ದರೆ ಅವನಿಗೇ ಮೈಲಿಗೆ ಹೇಗೆ?

ಇದಕ್ಕೊಂದು ಉತ್ತರ ಪಾರ್ಸಿಗಳಲ್ಲಿದೆ. ಬೆಂಗಳೂರು ಕಂಟೋನ್ಮೆಂಟಿನ ಕ್ವೀನ್ಸ್ ರಸ್ತೆಯಲ್ಲಿ 1926ರ ಪಾರ್ಸಿ ಅಗ್ನಿಮಂದಿರವಿದೆ. ಪಾರ್ಸಿ ಅರ್ಚಕರು ಉಸಿರೂ ತಾಗದಂತೆ ಬಾಯಿ, ಮೂಗಿಗೆ ಬಿಳಿ ಬಟ್ಟೆ ಕಟ್ಟಿಕೊಂಡೇ ಬೆಂಕಿಯ ಸೇವೆ ಮಾಡುತ್ತಾರೆ. ಬೆಂಕಿಯ ಶುದ್ಧಿ ಅಲ್ಲಿ ಕಾಯುವವರ ಹೊಣೆ.

ಹೊರಮಾವಿನಲ್ಲಿ ಪ್ಲಗ್ ಕಿತ್ತು, ತಣ್ಣಗಾದ ಹೀಟರಿನ ಜಾಲರಿಯಿಂದ ಮೃದು ಬ್ರಶ್ಶಿನಲ್ಲಿ ಕೂದಲು ತೆಗೆಯುವ ಕೈಗೂ ಆ ಹೊಣೆಯ ಒಂದೆಳೆ ತಾಗಿದೆ. ಆಮೇಲೆ ಬೆಕ್ಕಿನ ಹಾಸಿಗೆಯನ್ನು ಒಂದು ಮೀಟರ್ ದೂರಕ್ಕೆ ಎಳೆಯಬೇಕು.