ಸಂಸಾರ ಗುಟ್ಟು, ವ್ಯಾಧಿ ರಟ್ಟು: ಕುಡಿತ ಯಾವ ಕಡೆಗೆ?

‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎನ್ನುತ್ತದೆ ಗಾದೆ. ಮನೆಯೊಳಗಿನ ಜಗಳ, ಸಾಲ, ಅತ್ತೆ-ಸೊಸೆಯ ಮುನಿಸು ಹೊಸ್ತಿಲು ದಾಟಬಾರದು. ಕಾಯಿಲೆಯನ್ನು ಮಾತ್ರ ನಾಲ್ಕು ಜನರ ಕಿವಿಗೆ ಹಾಕಬೇಕು, ಯಾರಿಗಾದರೂ ಮದ್ದು ಗೊತ್ತಿದ್ದೀತು. ಈ ಸರಳ ವಿಂಗಡಣೆ ತೊಡಕಿಗೆ ಬೀಳುವುದು ಮನೆಯ ಯಜಮಾನನೋ ಮಗನೋ ಕುಡಿತಕ್ಕೆ ಬಿದ್ದಾಗ. ಅದು ಸಂಸಾರದ ಕಥೆಯೋ, ವ್ಯಾಧಿಯೋ?

ಬಹಳಷ್ಟು ಮನೆಗಳು ಅದನ್ನು ಗುಟ್ಟಿನ ಪಾಲಿಗೆ ಹಾಕುತ್ತವೆ. ಸೋಮವಾರ ಬೆಳಗ್ಗೆ ಏಳಲಾಗದ ಗಂಡನ ಪರವಾಗಿ ಹೆಂಡತಿ ಫೋನ್ ಮಾಡಿ, ‘ಇವರಿಗೆ ಜ್ವರ ಸಾರ್, ಇವತ್ತು ಬರಲ್ಲ’ ಎನ್ನುತ್ತಾಳೆ. ಇಲ್ಲದ ವ್ಯಾಧಿ ರಟ್ಟಾಯಿತು, ಇದ್ದ ವ್ಯಾಧಿ ಗುಟ್ಟಾಗಿಯೇ ಉಳಿಯಿತು! ಅಪ್ಪ ಮಗನ ಕೈಸಾಲ ತೀರಿಸುತ್ತಾನೆ, ಅಮ್ಮ ವಾಂತಿ ಒರೆಸಿ ಹಾಸಿಗೆ ಬದಲಿಸುತ್ತಾಳೆ, ‘ಒಂದು ಮದುವೆ ಮಾಡಿ, ಸರಿಹೋಗ್ತಾನೆ’ ಎಂದು ಬಂಧುಗಳು ಮದ್ದು ಹೇಳುತ್ತಾರೆ. ಆ ಮದ್ದಿಗೆ ಬೆಲೆ ತೆರುವವಳು ಇನ್ನೊಂದು ಮನೆಯ ಹುಡುಗಿ.

ಕಾನೂನಿಗೆ ಈ ಗೊಂದಲವಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಅಂಟಿಕೊಂಡ ಮಾನಸಿಕ ಸ್ಥಿತಿಗಳನ್ನು ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಆದರೂ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ 2019ರ ವರದಿಯಂತೆ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಯಾವುದಾದರೂ ಚಿಕಿತ್ಸೆ ಪಡೆದವನು ಒಬ್ಬ. ಉಳಿದ 37 ಜನ ಗುಟ್ಟಿನ ಲೆಕ್ಕಕ್ಕೇ ಸೇರಿದರು ಎನ್ನಲಾಗದು. ದುಡ್ಡಿಲ್ಲ, ಹತ್ತಿರ ಆಸ್ಪತ್ರೆಯಿಲ್ಲ, ಹೀಗೆ ಕಾರಣಗಳು ಹಲವು. ಆದರೆ ನಾಚಿಕೆಯ ಪಾಲು ಸಣ್ಣದೇನಲ್ಲ.

ಗುಟ್ಟಿನ ಗೀಳು ಮದ್ದಿನವರೆಗೂ ಬಂದಿದೆ. ‘ಅವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ’ ಎನ್ನುವ ಜಾಹೀರಾತುಗಳನ್ನು ನೋಡದವರು ಕಡಿಮೆ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಂ ಎಂಬ ಮಾತ್ರೆ ಮೈಯಲ್ಲಿದ್ದಾಗ ಮದ್ಯ ಬಿದ್ದರೆ ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ನುಂಗುವವನಿಗೆ ತಿಳಿಸಿ, ಒಪ್ಪಿಸಿ ಕೊಡಬೇಕಾದ ಮಾತ್ರೆ ಅದು. ಸಾರಿನಲ್ಲಿ ಕದಡಿ ಕೊಟ್ಟರೆ ಪ್ರಾಣಕ್ಕೇ ಸಂಚಕಾರ.

ಕೋಣೆಗೆ ಕೂಡಿಹಾಕಿ ‘ಇವತ್ತಿನಿಂದ ಬಂದ್’ ಎನ್ನುವುದೂ ಅಷ್ಟೇ ಅಪಾಯ. ವರ್ಷಗಟ್ಟಲೆ ವಿಪರೀತ ಕುಡಿದವನು ಥಟ್ಟನೆ ನಿಲ್ಲಿಸಿದರೆ ಕೈಕಾಲು ನಡುಗುತ್ತವೆ, ಫಿಟ್ಸ್ ಬರಬಹುದು. ಎರಡು ಮೂರು ದಿನದಲ್ಲಿ ಇಲ್ಲದ್ದು ಕಾಣಿಸಿ, ಮಾತು ದಿಕ್ಕುತಪ್ಪಿ, ಜೀವವೇ ಹೋದದ್ದುಂಟು. ಬೆಳಗ್ಗೆ ಎದ್ದೊಡನೆ ಕೈನಡುಕ ನಿಲ್ಲಿಸಲು ಎಣ್ಣೆ ಬೇಕೆನ್ನುವವನನ್ನು ಬಿಡಿಸುವ ಕೆಲಸ ವೈದ್ಯರ ಕಣ್ಣೆದುರೇ ಆಗಬೇಕು.

ಹಾಗೆಂದು ರಟ್ಟು ಮಾಡುವುದೆಂದರೆ ಬೀದಿಯಲ್ಲಿ ನಿಂತು ಮಾನ ತೆಗೆಯುವುದಲ್ಲ. ಗಾದೆಯ ಉದ್ದೇಶ ಮದ್ದು ಹುಡುಕುವುದು. ಮದ್ದು ಗೊತ್ತಿರುವವರ ಕಿವಿಗೆ ಬಿದ್ದರೆ ಸಾಕು. ಅದೇ ಕಾಯ್ದೆ ರೋಗಿಯ ವಿವರ ಗೋಪ್ಯವಾಗಿಡುವ ಹಕ್ಕನ್ನೂ ಕೊಟ್ಟಿದೆ. ಬಾಯಿಬಿಡಲು ಹಿಂಜರಿಯುವವರು ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಅಥವಾ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಶುರುಮಾಡಬಹುದು.

ಮುಚ್ಚಿಡಲು ಎಲ್ಲ ಅನುಕೂಲವಿದ್ದ ಮನೆಯೊಂದು ಚೆನ್ನೈನಲ್ಲಿತ್ತು. ಕೇಂದ್ರದಲ್ಲಿ ಹಣಕಾಸು ಸಚಿವರಾಗಿದ್ದ ಟಿ.ಟಿ. ಕೃಷ್ಣಮಾಚಾರಿಯವರ ಮೊಮ್ಮಗ ರಂಗನಾಥನ್ ಕುಡಿತದಿಂದಾಗಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಪತ್ನಿ ಶಾಂತಿ ರಂಗನಾಥನ್ 1980ರಲ್ಲಿ ಗಂಡನ ಹೆಸರಿನಲ್ಲೇ ವ್ಯಸನ ಚಿಕಿತ್ಸೆಯ ಸಂಸ್ಥೆ ಕಟ್ಟಿದರು. ಮನೆತನದ ಹೆಸರಿಗೆ ‘ಕುಡಿತ’ದ ಫಲಕ ತೂಗುಹಾಕಲು ಎಷ್ಟು ಎದೆಗಾರಿಕೆ ಬೇಕಿತ್ತೋ!

ಕುಡಿಯುವವನು ‘ನನಗೇನಾಗಿದೆ?’ ಎಂದು ಕೂತರೆ? ಆಗಲೂ ಮನೆಯವರು ಕೈಕಟ್ಟಿ ಕೂರಬೇಕಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ವಿಲಿಯಂ ಮಿಲ್ಲರ್, ರಾಬರ್ಟ್ ಮೈಯರ್ಸ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಬಂದವರು ಕುಡುಕರಲ್ಲ, ಅವರ 130 ಮಂದಿ ಆಪ್ತರು. ಎಲ್ಲರೂ ಸುತ್ತ ಕೂತು ನೇರವಾಗಿ ತರಾಟೆಗೆ ತೆಗೆದುಕೊಳ್ಳುವ ದಾರಿಯಲ್ಲಿ ಚಿಕಿತ್ಸೆಗೆ ಬಂದವರು ನೂರಕ್ಕೆ 30. ‘ಕ್ರಾಫ್ಟ್’ ಎಂಬ ತರಬೇತಿ ಪಡೆದ ಆಪ್ತರ ಕಡೆಯಿಂದ ಬಂದವರು 64. ಆ ತರಬೇತಿಯಲ್ಲಿ ಮಂತ್ರವೇನಿಲ್ಲ. ಅಮಲಿನಲ್ಲಿರುವಾಗ ವಾದಕ್ಕಿಳಿಯಬೇಡಿ. ಕುಡಿಯದ ಸಂಜೆ ಜೊತೆಗೆ ಕೂತು ಉಣ್ಣಿ, ಮಾತಾಡಿ. ಜ್ವರದ ಸುಳ್ಳು ಹೇಳಬೇಡಿ, ರಜೆಯ ಫೋನು ಅವನೇ ಮಾಡಲಿ. ಮನೆಯವರ ಊಟ, ನಿದ್ದೆ, ನಗು ಅವನ ಬಾಟಲಿಗೆ ಅಡವಾಗಬಾರದು.

ಕೈ ಎತ್ತುವವನ ಮನೆಯಲ್ಲಿ ಇವೆಲ್ಲ ಆಮೇಲಿನ ಮಾತು. ಅಲ್ಲಿ ಹೆಂಡತಿ ಮಕ್ಕಳ ಸುರಕ್ಷತೆ ಮೊದಲು, 112 ಇರುವುದೇ ಅದಕ್ಕೆ.

ಉಳಿದೆಡೆ ಹೊತ್ತು ನೋಡಿ ಮಾತೆತ್ತಬೇಕು. ಗಾಡಿಯಿಂದ ಬಿದ್ದು ಬಂದ ಮರುದಿನ, ಮಗಳು ಶಾಲೆಯ ಸಮಾರಂಭಕ್ಕೆ ‘ಅಪ್ಪ ಬರೋದು ಬೇಡ’ ಎಂದ ಸಂಜೆ, ಅವನೇ ಸೋತ ದನಿಯಲ್ಲಿ ಏನೋ ಅಂದಾನು. ಅಷ್ಟರೊಳಗೆ ಯಾವ ಆಸ್ಪತ್ರೆ, ಯಾವ ವಾರ, ಎಷ್ಟು ಖರ್ಚು ಎಂದು ವಿಚಾರಿಸಿಟ್ಟಿರಬೇಕು. ‘ಆಯ್ತು, ಹೋಗೋಣ’ ಎಂದವನ ಮನಸ್ಸು ಮುಂದಿನ ಸೋಮವಾರದವರೆಗೆ ಕಾಯುವುದಿಲ್ಲ.