ಶಾಸ್ತ್ರಕ್ಕೆ ವಿಜ್ಞಾನದ ಸರ್ಟಿಫಿಕೇಟು ಬೇಕೆ?

ಬೆಟ್ಟದ ಮೇಲಿನ ಪುಣ್ಯಕ್ಷೇತ್ರಗಳಿಗೆ ಬರುವ ಭಕ್ತಾದಿಗಳಲ್ಲಿ ಎಲ್ಲಾ ತರಹದವರೂ ಇರುತ್ತಾರೆ. ಹರಕೆ ಹೊತ್ತು ಬರಿಗಾಲಲ್ಲಿ ಮೆಟ್ಟಿಲು ಹತ್ತುವ ರೈತಾಪಿ ಜನ, ಕಂಪ್ಯೂಟರ್ ಕೆಲಸದ ಹುಡುಗರು, ರಿಟೈರ್ಡ್ ಮೇಷ್ಟ್ರುಗಳು, ಕಾಲೇಜಿನ ಮಕ್ಕಳು ಎಲ್ಲರೂ ದರ್ಶನದ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಸಾಲು ನಿಧಾನಕ್ಕೆ ಸಾಗುವಾಗ ಮಾತು ಎಲ್ಲೆಲ್ಲಿಗೋ ಹೋಗುವುದು ಸಹಜ. ಅದರಲ್ಲಿ ಪದೇ ಪದೇ ಕೇಳಿಬರುವ ಮಾತೊಂದಿದೆ. "ಈಗಿನ ವಿಜ್ಞಾನಿಗಳು ಕಂಡುಹಿಡಿದಿದ್ದೆಲ್ಲಾ ನಮ್ಮ ಋಷಿಗಳು ಆವತ್ತೇ ಬರೆದಿಟ್ಟಿದ್ರು" ಎಂದು ಒಬ್ಬರು ಹೇಳುತ್ತಾರೆ. "ಅದೆಲ್ಲಾ ಬರೀ ಕಟ್ಟುಕಥೆ ಸ್ವಾಮಿ" ಎಂದು ಇನ್ನೊಬ್ಬರು ತಳ್ಳಿಹಾಕುತ್ತಾರೆ. ಇಬ್ಬರೂ ಸಾಲಿನ ಕೊನೆಗೆ ಬಂದು ಅದೇ ತೀರ್ಥ ತೆಗೆದುಕೊಂಡು, ತಮ್ಮ ತಮ್ಮ ಅಭಿಪ್ರಾಯ ಹಾಗೇ ಇಟ್ಟುಕೊಂಡು ಬೆಟ್ಟ ಇಳಿಯುತ್ತಾರೆ.

ಇದು ಸುಮ್ಮನೆ ಹೊತ್ತು ಕಳೆಯುವ ಮಾತಲ್ಲ. ಶಾಸ್ತ್ರ ಎಂದರೆ ಏನು, ಅದನ್ನು ಯಾಕೆ ಗೌರವಿಸಬೇಕು, ಮಕ್ಕಳಿಗೆ ಅದನ್ನು ಏನೆಂದು ಹೇಳಿಕೊಡಬೇಕು ಎಂಬ ಪ್ರಶ್ನೆ ಇದರೊಳಗೆ ಅಡಗಿದೆ. ಆದ್ದರಿಂದ ಭಕ್ತಾದಿಗಳು ಸ್ವಲ್ಪ ಸಮಾಧಾನದಿಂದ ಇದನ್ನು ವಿಚಾರ ಮಾಡಿ ನೋಡುವುದು ಒಳ್ಳೆಯದು.

ಬೆಳಕಿನ ವೇಗದ ಲೆಕ್ಕ

ಇಂಥ ಮಾತುಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಬೆಳಕಿನ ವೇಗದ ವಿಚಾರ. ಇದಕ್ಕೂ ಕನ್ನಡ ನಾಡಿಗೂ ನೇರವಾದ ಸಂಬಂಧ ಇದೆ. ವಿಜಯನಗರದ ಬುಕ್ಕರಾಯನ ಆಸ್ಥಾನದಲ್ಲಿ ಮಂತ್ರಿಗಳಾಗಿದ್ದ ಸಾಯಣಾಚಾರ್ಯರು 14ನೇ ಶತಮಾನದಲ್ಲಿ ವೇದಗಳಿಗೆ ಭಾಷ್ಯ ಬರೆದರು. ಋಗ್ವೇದದ ಮೊದಲನೇ ಮಂಡಲದ 50ನೇ ಸೂಕ್ತ ಸೂರ್ಯನನ್ನು ಕುರಿತದ್ದು. ಅದರ ನಾಲ್ಕನೇ ಮಂತ್ರಕ್ಕೆ ಭಾಷ್ಯ ಬರೆಯುವಾಗ ಅವರು ಪರಂಪರೆಯಿಂದ ಬಂದ ಒಂದು ಶ್ಲೋಕವನ್ನು ನೆನೆದಿದ್ದಾರೆ. ಅರ್ಧ ನಿಮಿಷದಲ್ಲಿ 2202 ಯೋಜನ ಸಂಚರಿಸುವ ಸೂರ್ಯನಿಗೆ ನಮಸ್ಕಾರ ಎಂಬುದು ಅದರ ತಾತ್ಪರ್ಯ. ಇಲ್ಲಿ ನಿಮಿಷ ಎಂದರೆ ಗಡಿಯಾರದ ನಿಮಿಷ ಅಲ್ಲ, ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು.

ಇದನ್ನು ಕಿಲೋಮೀಟರು, ಸೆಕೆಂಡುಗಳಿಗೆ ತಿರುಗಿಸಿದರೆ ಬೆಳಕಿನ ವೇಗವೇ ಬರುತ್ತದೆ ಎಂದು ಹೇಳುವವರಿದ್ದಾರೆ. ಬೆಳಕಿನ ವೇಗ ಸೆಕೆಂಡಿಗೆ 2,99,792 ಕಿಲೋಮೀಟರು. ಹಾಗಾದರೆ ಲೆಕ್ಕ ಮಾಡಿಯೇ ನೋಡೋಣ. ಲೆಕ್ಕಕ್ಕೆ ಯೋಜನ ಎಂದರೆ ಎಷ್ಟು, ನಿಮಿಷ ಎಂದರೆ ಎಷ್ಟು ಎಂಬುದು ಮೊದಲು ಗೊತ್ತಾಗಬೇಕು. ತೊಡಕು ಇರುವುದು ಇಲ್ಲೇ.

ಆರ್ಯಭಟರು ಭೂಮಿಯ ವ್ಯಾಸ 1050 ಯೋಜನ ಎಂದರು. ಸೂರ್ಯಸಿದ್ಧಾಂತದಲ್ಲಿ ಅದೇ ವ್ಯಾಸ 1600 ಯೋಜನ. ಭೂಮಿಯ ವ್ಯಾಸ ಸುಮಾರು 12,742 ಕಿಲೋಮೀಟರು ಎಂಬುದು ಈಗ ತಿಳಿದ ವಿಷಯ. ಭಾಗಿಸಿದರೆ ಆರ್ಯಭಟರ ಯೋಜನ ಸುಮಾರು 12 ಕಿಲೋಮೀಟರು ಆಗುತ್ತದೆ, ಸೂರ್ಯಸಿದ್ಧಾಂತದ ಯೋಜನ ಸುಮಾರು 8 ಕಿಲೋಮೀಟರು. ನಿಮಿಷದ್ದೂ ಇದೇ ಕಥೆ. ವಿಷ್ಣುಪುರಾಣದ ಪ್ರಕಾರ 15 ನಿಮಿಷಕ್ಕೆ ಒಂದು ಕಾಷ್ಠಾ, ಮನುಸ್ಮೃತಿಯ ಪ್ರಕಾರ 18ಕ್ಕೆ ಒಂದು. ಅಲ್ಲಿಂದ ಮುಂದೆ ಎರಡರಲ್ಲೂ 30 ಕಾಷ್ಠಾಕ್ಕೆ ಒಂದು ಕಲಾ, 30 ಕಲಾಕ್ಕೆ ಒಂದು ಮುಹೂರ್ತ, 30 ಮುಹೂರ್ತಕ್ಕೆ ಒಂದು ಹಗಲು-ರಾತ್ರಿ. ಮೊದಲನೆಯದರಲ್ಲಿ ನಿಮಿಷ ಎಂದರೆ ಸುಮಾರು 0.213 ಸೆಕೆಂಡು, ಎರಡನೆಯದರಲ್ಲಿ 0.178 ಸೆಕೆಂಡು.

ಈಗ ನಾಲ್ಕು ಉತ್ತರ ಬರುತ್ತವೆ. 8 ಕಿಲೋಮೀಟರಿನ ಯೋಜನ ಹಿಡಿದರೆ ಸೆಕೆಂಡಿಗೆ ಸುಮಾರು 1,65,000 ಇಲ್ಲವೇ 1,98,000 ಕಿಲೋಮೀಟರು. 12 ಕಿಲೋಮೀಟರಿನದು ಹಿಡಿದರೆ ಸುಮಾರು 2,48,000 ಇಲ್ಲವೇ 2,97,000. ಕೊನೆಯದು ಬೆಳಕಿನ ವೇಗಕ್ಕೆ ಬಹಳ ಹತ್ತಿರ ಇದೆ, ನಿಜ. ಆದರೆ ನಾಲ್ಕರಲ್ಲಿ ಅದೇ ಸರಿ ಎಂದು ಆರಿಸಿಕೊಟ್ಟವರು ಯಾರು? ಉತ್ತರ ಮೊದಲೇ ಗೊತ್ತಿದ್ದುದರಿಂದ ಅದಕ್ಕೆ ಹೊಂದುವ ಅಳತೆಯನ್ನು ಆರಿಸಿಕೊಂಡದ್ದು, ಅಷ್ಟೆ. ಪರೀಕ್ಷೆಯಲ್ಲಿ ಪುಸ್ತಕದ ಹಿಂದಿನ ಉತ್ತರ ನೋಡಿಕೊಂಡು ಮಧ್ಯದ ಲೆಕ್ಕ ಹೊಂದಿಸಿದ ಹುಡುಗನಿಗೆ ಮೇಷ್ಟ್ರು ಮಾರ್ಕ್ಸ್ ಕೊಡ್ತಾರೆಯೇ?

ಇನ್ನೊಂದು ಮಾತು. ಆ ಶ್ಲೋಕದಲ್ಲಿ ಸಂಚರಿಸುವವನು ಸೂರ್ಯದೇವ. ಬೆಳಕು ಇಷ್ಟು ವೇಗದಲ್ಲಿ ಹೋಗುತ್ತದೆ ಎಂಬ ಮಾತು ಅಲ್ಲಿಲ್ಲ. ಬೆಳಕಿಗೂ ಒಂದು ವೇಗ ಉಂಟು ಎಂದು ಲೆಕ್ಕ ಸಮೇತ ತೋರಿಸಿದ್ದು 1676ರಲ್ಲಿ ಡೆನ್ಮಾರ್ಕಿನ ಓಲೆ ರೋಮರ್. ಗುರುಗ್ರಹದ ಉಪಗ್ರಹವೊಂದು ಗ್ರಹಣವಾಗುವ ಹೊತ್ತು ಹಿಂದುಮುಂದಾಗುವುದನ್ನು ದೂರದರ್ಶಕದಲ್ಲಿ ಕಂಡು, ಅದರ ಮೇಲೆ ಅವರು ಇದನ್ನು ತೀರ್ಮಾನಿಸಿದರು. ಸಾಯಣಾಚಾರ್ಯರು ದೊಡ್ಡವರಾಗಿದ್ದು ವೇದದ ಅರ್ಥವನ್ನು ಉಳಿಸಿಕೊಟ್ಟದ್ದರಿಂದ. ರೋಮರ್ ಅವರ ಕೆಲಸವನ್ನು ಅವರ ತಲೆಗೆ ಕಟ್ಟಿದರೆ ಅವರ ದೊಡ್ಡತನ ಹೆಚ್ಚೇನೂ ಆಗುವುದಿಲ್ಲ.

ವಿಮಾನದ ಪುಸ್ತಕ

ಇದೇ ರೀತಿ ವೈಮಾನಿಕ ಶಾಸ್ತ್ರ ಎಂಬ ಗ್ರಂಥದ ಹೆಸರು ಹೇಳಿ, ಹಿಂದೆ ವಿಮಾನ ಇತ್ತು ಎನ್ನುವವರುಂಟು. ಅದನ್ನು ಭರದ್ವಾಜ ಮಹರ್ಷಿಗಳದು ಎಂದು ಹೇಳಲಾಗಿದೆ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 20ನೇ ಶತಮಾನದ ಆರಂಭದಲ್ಲಿ ಬಾಯಲ್ಲಿ ಹೇಳಿ ಬರೆಸಿದ್ದು ಅದು. ಮೈಸೂರಿನ ಜಿ.ಆರ್. ಜೋಸಯರ್ ಅದನ್ನು 1973ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಇದನ್ನು ಹಾಸ್ಯ ಮಾಡಿ ಬಿಡದೆ, ಶ್ರದ್ಧೆಯಿಂದ ಓದಿ, ಅದರಲ್ಲಿ ಹೇಳಿದ ವಿಮಾನಗಳು ಹಾರಲು ಸಾಧ್ಯವೇ ಎಂದು ಪರಿಶೀಲಿಸಿ 1974ರಲ್ಲಿ ವರದಿ ಬರೆದರು. ಅಂಥ ವಿಮಾನ ಹಾರುವುದಿಲ್ಲ, ಗ್ರಂಥವೂ 1904ಕ್ಕಿಂತ ಹಿಂದಿನದಲ್ಲ ಎಂದು ಅವರ ತೀರ್ಮಾನವಾಯಿತು.

ಹಾಗೆಂದು ರಾಮಾಯಣದ ಪುಷ್ಪಕ ವಿಮಾನದ ಬೆಲೆ ಕಡಿಮೆಯಾಯಿತೇ? ಖಂಡಿತಾ ಇಲ್ಲ. ಶ್ರೀರಾಮಚಂದ್ರ ಪುಷ್ಪಕದಲ್ಲಿ ಅಯೋಧ್ಯೆಗೆ ಮರಳುವ ಪ್ರಸಂಗ ಕೇಳಿ ಕಣ್ಣು ಒದ್ದೆಯಾಗುವವರು ಅದರ ಇಂಜಿನ್ ಎಂಥದ್ದು ಎಂದು ಕೇಳೋದಿಲ್ಲ. ಕೊಟ್ಟ ಮಾತು ಉಳಿಸಿಕೊಂಡು ಹದಿನಾಲ್ಕು ವರ್ಷ ಕಾಡಿನಲ್ಲಿದ್ದು ಬಂದ ಮಗನ ಕಥೆ ಅದು. ಅದನ್ನು ಬಿಟ್ಟು ರೆಕ್ಕೆ, ಇಂಧನ ಹುಡುಕುತ್ತಾ ಕೂತರೆ ಕಾಯಿ ಬಿಟ್ಟು ಜುಂಗನ್ನು ಜೋಪಾನ ಮಾಡಿದ ಹಾಗೆ.

ನಿಜವಾಗಿ ಹೆಮ್ಮೆ ಪಡಬೇಕಾದದ್ದು

ಇಷ್ಟು ಹೇಳಿದ ಮಾತ್ರಕ್ಕೆ ಹಿಂದಿನವರಿಗೆ ಏನೂ ಗೊತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದು. ಅದು ಇನ್ನೊಂದು ದೊಡ್ಡ ತಪ್ಪು. ಕ್ರಿ.ಶ. 499ರಲ್ಲಿ, ತಮ್ಮ 23ನೇ ವಯಸ್ಸಿನ ಲೆಕ್ಕ ಹೇಳಿಕೊಂಡಿರುವ ಆರ್ಯಭಟರು, ತಿರುಗುವುದು ಭೂಮಿಯೇ ಎಂದರು. ದೋಣಿಯಲ್ಲಿ ಮುಂದೆ ಹೋಗುವವನಿಗೆ ದಡದ ಮರಗಳು ಹಿಂದಕ್ಕೆ ಹೋದಂತೆ ಕಾಣುವ ದೃಷ್ಟಾಂತ ಕೊಟ್ಟು ನಕ್ಷತ್ರಗಳ ಚಲನೆಯನ್ನು ವಿವರಿಸಿದರು. ಗ್ರಹಣ ಆಗುವುದು ನೆರಳಿನಿಂದ ಎಂದು ಲೆಕ್ಕ ಕೊಟ್ಟರು. ಭೂಮಿ ತಿರುಗುವ ಮಾತನ್ನು 628ರಲ್ಲಿ ಬ್ರಹ್ಮಗುಪ್ತರು ಖಂಡಿಸಿದರು. ಅಂದರೆ ಆ ಕಾಲದಲ್ಲೂ ವಾದ ವಿವಾದ ಇತ್ತು, ಹಿರಿಯರು ಹೇಳಿದ್ದೆಂದು ಯಾರೂ ಸುಮ್ಮನೆ ತಲೆದೂಗಲಿಲ್ಲ. 1150ರಲ್ಲಿ ಸಿದ್ಧಾಂತ ಶಿರೋಮಣಿ ಬರೆದ ಭಾಸ್ಕರಾಚಾರ್ಯರು ಭೂಮಿ ತನ್ನ ಶಕ್ತಿಯಿಂದ ಭಾರದ ವಸ್ತುಗಳನ್ನು ಸೆಳೆಯುತ್ತದೆ ಎಂದಿದ್ದಾರೆ. ಇದು ದೊಡ್ಡ ಮಾತೇ. ಆದರೆ ಆ ಸೆಳೆತ ದೂರ ಹೆಚ್ಚಿದಂತೆ ಎಷ್ಟು ಕಡಿಮೆಯಾಗುತ್ತದೆ, ಚಂದ್ರನನ್ನು ಹಿಡಿದಿಟ್ಟಿರುವುದೂ ಅದೇ ಸೆಳೆತವೇ ಎಂದು ನಿಯಮ ಕಟ್ಟಿಕೊಟ್ಟಿದ್ದು 1687ರಲ್ಲಿ ನ್ಯೂಟನ್. ಇಬ್ಬರಿಗೂ ಅವರವರ ಪಾಲಿನ ಗೌರವ ಸಲ್ಲಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಕೇರಳದ ಪರಮೇಶ್ವರರ ಹೆಸರನ್ನು ಭಕ್ತಾದಿಗಳು ತಿಳಿದಿರಬೇಕು. ಅವರು ವರ್ಷಗಟ್ಟಲೆ ಗ್ರಹಣಗಳನ್ನು ಕಣ್ಣಾರೆ ನೋಡಿ ಗುರುತು ಹಾಕಿಕೊಂಡರು. ಹಳೆಯ ಲೆಕ್ಕಕ್ಕೂ ಆಕಾಶದಲ್ಲಿ ಕಂಡದ್ದಕ್ಕೂ ತಾಳೆಯಾಗಲಿಲ್ಲ. ಆಗ ಅವರು ಆಕಾಶ ತಪ್ಪು ಎನ್ನಲಿಲ್ಲ. ಲೆಕ್ಕವನ್ನೇ ತಿದ್ದಿ 1431ರಲ್ಲಿ ದೃಗ್ಗಣಿತ ಎಂಬ ಗ್ರಂಥ ರಚಿಸಿದರು. ಕಣ್ಣಿಗೆ ಕಂಡದ್ದಕ್ಕೆ ಸರಿಹೊಂದುವ ಗಣಿತ ಎಂಬುದೇ ಆ ಹೆಸರಿನ ಅರ್ಥ. ಹಾಗೆ ತಿದ್ದಿದ್ದರಿಂದ ಅವರ ದೈವಭಕ್ತಿಗೆ ಭಂಗ ಬಂತು ಎಂದು ಯಾರೂ ಹೇಳಿಲ್ಲ. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಕಡೆ ಕಂಕಣ ಸೂರ್ಯಗ್ರಹಣ ಕಂಡಾಗ ಜನ ಕನ್ನಡಕ ಹಾಕಿ ನೋಡಿದರು, ಮನೆಗೆ ಬಂದು ಸ್ನಾನ ಮಾಡಿ ಜಪವನ್ನೂ ಮಾಡಿದರು. ನೆರಳಿನ ಲೆಕ್ಕ ಗೊತ್ತಿದ್ದರೂ ಜಪ ಬಿಡಬೇಕಾಗಿಲ್ಲ, ಜಪ ಮಾಡಲಿಕ್ಕೆ ನೆರಳಿನ ಲೆಕ್ಕವನ್ನು ಸುಳ್ಳೆನ್ನಬೇಕಾಗಿಯೂ ಇಲ್ಲ.

ಶಾಸ್ತ್ರದ ಕೆಲಸ ಯಾವುದು?

ಈ ಪ್ರಶ್ನೆಗೆ ಹೊರಗಿನವರನ್ನು ಕೇಳಬೇಕಾಗಿಲ್ಲ, ಆಚಾರ್ಯರುಗಳೇ ಉತ್ತರ ಕೊಟ್ಟಿದ್ದಾರೆ. ತಿಳಿವಳಿಕೆಗೆ ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ದಾರಿಗಳನ್ನು ಹೇಳುತ್ತಾರೆ. ಕಣ್ಣಿನಿಂದಲೂ ಊಹೆಯಿಂದಲೂ ತಿಳಿಯಲಾಗದ್ದನ್ನು ತಿಳಿಸುವುದೇ ವೇದದ ಕೆಲಸ ಎಂಬುದು ಮೀಮಾಂಸಕರ ಮತ. ಧರ್ಮ ಯಾವುದು, ಶ್ರೇಯಸ್ಸು ಯಾವುದು ಎಂಬುದನ್ನು ದೂರದರ್ಶಕ ಇಟ್ಟು ನೋಡಲಾಗುವುದಿಲ್ಲ. ಬೆಳಕಿನ ವೇಗವನ್ನು ಅಳೆಯಬಹುದು. ಅಳೆದು ತಿಳಿಯುವ ವಿಷಯಕ್ಕೆ ವೇದ ಏಕೆ ಬೇಕು?

ಆದಿ ಶಂಕರಾಚಾರ್ಯರು ಗೀತಾಭಾಷ್ಯದ ಕೊನೆಯ ಅಧ್ಯಾಯದಲ್ಲಿ ಬೆಂಕಿಯ ಉದಾಹರಣೆ ಕೊಟ್ಟು, ಪ್ರತ್ಯಕ್ಷಕ್ಕೆ ವಿರುದ್ಧವಾದ ಮಾತು ಶ್ರುತಿಯಲ್ಲಿ ಎಷ್ಟು ಸಲ ಬಂದರೂ ಅದು ಪ್ರಮಾಣವಾಗದು, ಆಗ ಅದಕ್ಕೆ ಬೇರೆ ಅರ್ಥ ಹುಡುಕಬೇಕು ಎಂದು ತಿಳಿಸಿದ್ದಾರೆ. ಉಡುಪಿಯ ಶ್ರೀ ಮಧ್ವಾಚಾರ್ಯರ ಮತದಲ್ಲೂ ಪ್ರತ್ಯಕ್ಷವೇ ಆಧಾರ, ಆಗಮಕ್ಕೂ ಅದನ್ನು ತಳ್ಳಿಹಾಕುವ ಅಧಿಕಾರ ಇಲ್ಲ. ಸಿದ್ಧಾಂತದಲ್ಲಿ ಬಹಳ ಕಡೆ ಒಪ್ಪದ ಇಬ್ಬರು ಆಚಾರ್ಯರು ಈ ಮಾತಿನಲ್ಲಿ ಹತ್ತಿರ ಬಂದಿರುವುದು ಗಮನಿಸತಕ್ಕ ವಿಷಯ.

ವಿಜ್ಞಾನದ ಸ್ವಭಾವವನ್ನೂ ನೋಡಬೇಕು. ಅದು ತನ್ನನ್ನು ತಾನೇ ತಿದ್ದಿಕೊಳ್ಳುತ್ತಾ ಹೋಗುತ್ತದೆ, ಅದೇ ಅದರ ಬಲ. ಇವತ್ತಿನ ವಿಜ್ಞಾನ ನಮ್ಮ ಗ್ರಂಥದಲ್ಲಿದೆ ಎಂದು ಕಟ್ಟಿಹಾಕಿದರೆ, ನಾಳೆ ಆ ವಿಜ್ಞಾನ ಬದಲಾದಾಗ ಗ್ರಂಥದ ಗತಿ ಏನು? ಹರಿಯುವ ನೀರಿಗೆ ಗರುಡಗಂಬ ನೆಟ್ಟ ಹಾಗಾಗುತ್ತದೆ.

ಮಕ್ಕಳಿಗೆ ಏನು ಹೇಳುವುದು?

ಇದರಲ್ಲಿ ನಿಜವಾದ ನಷ್ಟ ಆಗುವುದು ಮಕ್ಕಳಿಗೆ. ಒಬ್ಬ ಅಜ್ಜ ಮೊಮ್ಮಗಳಿಗೆ ಪ್ರೀತಿಯಿಂದ "ಪುಟ್ಟಿ, ಎಲ್ಲಾ ವಿಜ್ಞಾನ ವೇದದಲ್ಲೇ ಐತೆ" ಎಂದು ಹೇಳಿಕೊಡುತ್ತಾನೆ ಎಂದಿಟ್ಟುಕೊಳ್ಳಿ. ಅವನ ಉದ್ದೇಶ ಒಳ್ಳೆಯದೇ. ಹುಡುಗಿ ಬೆಳೆದು ಕಾಲೇಜಿಗೆ ಹೋಗಿ ಲೆಕ್ಕ ಮಾಡಿ ನೋಡುತ್ತಾಳೆ. "ತಾತ, ಇದು ಹೊಂದಿಸಿದ ಲೆಕ್ಕ" ಎಂದು ಅವಳಿಗೆ ಗೊತ್ತಾಗುತ್ತದೆ. ಅವತ್ತು ಅವಳು ಆ ಒಂದು ಲೆಕ್ಕವನ್ನು ಮಾತ್ರ ಬಿಡುವುದಿಲ್ಲ. ತಾತ ಹೇಳಿಕೊಟ್ಟ ಉಳಿದ ಮಾತುಗಳನ್ನೂ, ಸತ್ಯ ಹೇಳು, ಹಸಿದವರಿಗೆ ಅನ್ನ ಕೊಡು, ಅಹಂಕಾರ ಪಡಬೇಡ ಎಂಬುದನ್ನೂ ಅದರ ಜೊತೆಗೇ ಅನುಮಾನಿಸುತ್ತಾಳೆ. ಗಟ್ಟಿಯಾಗಿದ್ದ ಮಾತುಗಳನ್ನು ಟೊಳ್ಳು ಮಾತಿನ ಜೊತೆ ಒಂದೇ ಗಂಟಿನಲ್ಲಿ ಕಟ್ಟಿದ್ದರ ಫಲ ಇದು.

ಅದರ ಬದಲು ತಾತ, "ನೋಡು ಪುಟ್ಟಿ, ಆರ್ಯಭಟರು ಕೇಳಿದ ಹಾಗೆ ನೀನೂ ಪ್ರಶ್ನೆ ಕೇಳು, ಪರಮೇಶ್ವರರು ತಿದ್ದಿದ ಹಾಗೆ ನೀನೂ ತಿದ್ದು, ಆದರೆ ಕಲಿತ ವಿದ್ಯೆಯನ್ನು ಯಾರಿಗೂ ಕೇಡಾಗದ ಹಾಗೆ ಬಳಸು, ಅದಕ್ಕೆ ಶಾಸ್ತ್ರ ಓದು" ಎಂದರೆ ಅವಳಿಗೆ ಎರಡೂ ಉಳಿಯುತ್ತವೆ.

"ಭಕ್ತಿ ಹೆಚ್ಚಲಿ ಅಂತ ಒಂದು ಮಾತು ಜಾಸ್ತಿ ಹೇಳಿದ್ರೆ ಏನು ತಪ್ಪು?" ಎಂದು ಕೆಲವರು ಕೇಳಬಹುದು. ದೇವರ ಮುಂದೆ ನೈವೇದ್ಯಕ್ಕೆ ಇಡುವಾಗ ಕೊಳೆತ ಬಾಳೆಹಣ್ಣನ್ನು ಯಾರೂ ಇಡುವುದಿಲ್ಲ. ಒಡೆದ ಕಾಯಿ ಕೆಟ್ಟಿದ್ದರೆ ಮನಸ್ಸಿಗೆ ಕಸಿವಿಸಿಯಾಗಿ ಇನ್ನೊಂದು ತಂದು ಒಡೆಯುತ್ತಾರೆ. ಹಣ್ಣು ಕಾಯಿಗೇ ಇಷ್ಟು ಮಡಿ ಇರುವಾಗ ಮಾತಿಗೆ ಬೇಡವೇ? ಸತ್ಯವೇ ದೇವರು ಎಂದು ನಂಬಿದವರು ಸುಳ್ಳಿನಿಂದ ಅವನ ಮಹಿಮೆ ಹೆಚ್ಚಿಸಲು ಹೊರಟರೆ, ಆ ಸೇವೆ ಅವನಿಗೆ ಸಲ್ಲುವುದಾದರೂ ಹೇಗೆ?

ಆದ್ದರಿಂದ ಇಂಥ ಮಾತು ಕೇಳಿದಾಗ ಭಕ್ತಾದಿಗಳು ಮೂರು ಪ್ರಶ್ನೆ ಹಾಕಿಕೊಂಡರೆ ಸಾಕು. ಆ ಗ್ರಂಥದಲ್ಲಿ ನಿಜವಾಗಿ ಹಾಗೆ ಬರೆದಿದೆಯೇ? ಇವತ್ತಿನ ಉತ್ತರ ಗೊತ್ತಾಗುವ ಮೊದಲು ಯಾರಾದರೂ ಅದನ್ನು ಓದಿ ಆ ಅರ್ಥ ಹೇಳಿದ್ದರೇ? ಅದು ಸುಳ್ಳೆಂದು ನಾಳೆ ತಿಳಿದರೆ ಇವತ್ತಿನ ನಂಬಿಕೆ ಉಳಿಯುತ್ತದೆಯೇ? ಮೊದಲ ಎರಡಕ್ಕೆ ಹೌದು ಎಂದಾದರೆ ಧಾರಾಳವಾಗಿ ಹೆಮ್ಮೆ ಪಡಬಹುದು. ಮೂರನೆಯದಕ್ಕೆ ಇಲ್ಲ ಎಂದಾದರೆ ನಂಬಿಕೆಯನ್ನೇ ಸ್ವಲ್ಪ ಆಳಕ್ಕೆ ಇಳಿಸಿಕೊಳ್ಳಬೇಕು.

ಬೆಟ್ಟದ ತುದಿಗೆ ಬಂದವರು ಅಲ್ಲಿಂದ ಸುತ್ತಲಿನ ಊರು, ಕೆರೆ, ಹೊಲಗಳನ್ನು ನೋಡುತ್ತಾರೆ. ಇದು ಸಮುದ್ರಮಟ್ಟದಿಂದ ಎಷ್ಟು ಅಡಿ ಎತ್ತರ ಎಂದು ಅಳೆದವರು ಹೇಳುತ್ತಾರೆ, ಅದನ್ನು ನಂಬಬೇಕು. ಹತ್ತಿ ಬಂದ ಮೇಲೆ ಮನಸ್ಸು ಎಷ್ಟು ಹಗುರಾಯಿತು, ಇಳಿದು ಹೋಗಿ ಯಾರ ಜೊತೆ ಹೇಗೆ ಬಾಳಬೇಕು ಎಂಬುದನ್ನು ಆ ಅಳತೆ ಹೇಳುವುದಿಲ್ಲ. ಅದಕ್ಕೆ ಶಾಸ್ತ್ರ ಇದೆ, ಸತ್ಸಂಗ ಇದೆ. ಎರಡನ್ನೂ ಅದರದರ ಜಾಗದಲ್ಲಿಟ್ಟು ಗೌರವಿಸುವವರಿಗೆ ಭಗವಂತನು ಸನ್ಮಂಗಳವನ್ನುಂಟುಮಾಡಲಿ.