ಮೋಡದ ಆಚೆಗೂ ಅವನ ಬೆಳಕು
ಆಗಸ್ಟ್ 12ರ ರಾತ್ರಿ ಪರ್ಸೀಡ್ ಉಲ್ಕಾವರ್ಷ. ಇಲ್ಲಿ ಇಂಗ್ಲೆಂಡಿನಲ್ಲಿ ಮೋಡ ಸರಿಯಲಪ್ಪಾ ಅಂತ ನಾನೂ ಬೇಡಿಕೊಳ್ತಾ ಇದ್ದೀನಿ. ಸ್ವಿಫ್ಟ್-ಟಟಲ್ ಧೂಮಕೇತು ಬಿಟ್ಟುಹೋದ ಧೂಳು ಅದು. ಮರಳಿನಷ್ಟು ಸಣ್ಣ ಕಣ, ಸೆಕೆಂಡಿಗೆ ಸುಮಾರು 59 ಕಿಲೋಮೀಟರ್ ವೇಗದಲ್ಲಿ ಬಂದು, ಉರಿದು ಬೆಳಗುತ್ತದೆ. ಮೋಡ ಕವಿದರೆ ನಮಗೆ ಕಾಣೋದಿಲ್ಲ. ಉಲ್ಕೆ ಬೀಳೋದಂತೂ ನಿಲ್ಲೋದಿಲ್ಲ.

ಊರಲ್ಲಿ ಅಮ್ಮ ಹಾಸಿಗೆ ಹಿಡಿದು, ನಾವು ಇಲ್ಲೇ ಸಿಕ್ಕಿಹಾಕಿಕೊಂಡಾಗ "ಹರಿ ಎಲ್ಲಿದ್ದಾನೆ?" ಅಂತೀವಲ್ಲ, ಆಗ ಇದನ್ನು ನೆನೆಯೋಣ. ಉಡುಪಿಯಲ್ಲಿ ಕನಕದಾಸರು ಗುಡಿಯ ಹೊರಗೆ ನಿಂತೇ ಭಜಿಸಿದರು. ಗೋಡೆ ಬಿರಿದು ಕೃಷ್ಣನೇ ಅವರತ್ತ ತಿರುಗಿದನೆಂಬುದು ಐತಿಹ್ಯ. ಮೋಡ ಸರಿಸುವುದು ಅವನ ಕೆಲಸ. ನಾಮ ಬಿಡದೆ ಎಚ್ಚರವಾಗಿ ಕಾಯುವುದು ನಮ್ಮದು.

ಶ್ರೀಕೃಷ್ಣಾರ್ಪಣಮಸ್ತು.